ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾಳದ ಹಕ್ಕಿ ಗೂಡಿಗೆ ಜಾಗ ನೋಡುವ ಬಗೆ

ಕಳೆದ ಸಂಚಿಕೆಯಲ್ಲಿ ಪುಣೆಯ ಪೂರ್ವದ ಬಯಲಿನಲ್ಲಿ ಕಂಡ ಒಂದು ನೆಲಗುಬ್ಬಿಯ ಗೂಡಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರಗಳು ಬರಬಹುದೆಂದು ಎಣಿಸಿರಲಿಲ್ಲ. ಹೆಚ್ಚಿನವು ಪುಣೆಯಲ್ಲೂ ಸುತ್ತಲಿನ ತಾಲ್ಲೂಕುಗಳಲ್ಲೂ ನೆಲೆಸಿರುವ ಕನ್ನಡಿಗರವು. ಒಂದು ಗೋವಾದಿಂದ, ಇನ್ನೊಂದು ಡೊಂಬಿವಿಲಿಯಿಂದ ಬಂದಿದೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಹುಲ್ಲುಗಾವಲಿನ ಹಕ್ಕಿಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ಮೂಲತಃ ಧಾರವಾಡದವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಕೋಥರೂಡಿನಲ್ಲಿ ನೆಲೆಸಿದ್ದೇನೆ. ಏಳು ವರ್ಷಗಳ ಹಿಂದೆ ಸಾಸವಡದಾಚೆ ಎರಡು ಎಕರೆ ಮಾಳದ ಜಮೀನು ಕೊಂಡೆ. ಆಗ ಪ್ರತಿ ಬೇಸಗೆಯಲ್ಲೂ ಹಳದಿ ಟಿಟ್ಟಿಭದ ಒಂದೆರಡು ಜೋಡಿಗಳು ಅಲ್ಲಿ ಮೊಟ್ಟೆ ಇಡುತ್ತಿದ್ದವು. ನಾವು ಸ್ನೇಹಿತರೆಲ್ಲ ಸೇರಿ ಸುತ್ತಲೂ ಗ್ಲಿರಿಸಿಡಿಯ, ಬೇವು, ಹೊಂಗೆ ನೆಟ್ಟೆವು. ತಂತಿಬೇಲಿ ಹಾಕಿ ದನಕುರಿಗಳು ಬಾರದಂತೆ ಮಾಡಿದೆವು. ನಡುವಿನ ಹುಲ್ಲನ್ನು ಮುಟ್ಟಿಲ್ಲ, ಅದು ಮೊದಲಿಗಿಂತ ಸೊಂಪಾಗಿಯೇ ಇದೆ. ಆದರೂ ಮೂರು ವರ್ಷಗಳಿಂದ ಒಂದು ಟಿಟ್ಟಿಭವೂ ಮೊಟ್ಟೆ ಇಟ್ಟಿಲ್ಲ. ನಾವು ಹಕ್ಕಿಗೆ ಒಳ್ಳೆಯದನ್ನೇ ಮಾಡಿದೆವಲ್ಲವೇ?

ಉತ್ತರ: ಒಳ್ಳೆಯದನ್ನೇ ಮಾಡಲು ಹೊರಟಿರಿ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಆ ಒಳ್ಳೆಯದು ಬೇರೆ ಹಕ್ಕಿಗಳ ಪಾಲಾಯಿತು. ಈಗ ನಿಮ್ಮ ಜಮೀನಿನಲ್ಲಿ ಪಿಕಳಾರ, ಸೂರಕ್ಕಿ, ಕಾಜಾಣ, ಕಾಗೆಗಳು ಮೊದಲಿಗಿಂತ ಹೆಚ್ಚಿರಬೇಕು. ಅವು ಬಂದದ್ದಕ್ಕೂ ಟಿಟ್ಟಿಭ ಹೋದದ್ದಕ್ಕೂ ಕಾರಣ ಒಂದೇ.

ಹಳದಿ ಟಿಟ್ಟಿಭ ಗೂಡು ಎಂದು ಕರೆಯುವಂಥದ್ದೇನನ್ನೂ ಕಟ್ಟುವುದಿಲ್ಲ. ಗರಸು ನೆಲದಲ್ಲಿ ಎದೆಯೊತ್ತಿ ಒಂದು ಸಣ್ಣ ತಗ್ಗು ಮಾಡಿ, ಸುತ್ತ ಒಂದಷ್ಟು ಹರಳುಗಳನ್ನು ಸರಿಸಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನು ಅವುಗಳ ಚೂಪು ತುದಿ ಒಳಮುಖವಾಗುವಂತೆ ಇಡುತ್ತದೆ. ಮಾರ್ಚ್ ತಿಂಗಳಿಂದ ಮಳೆ ಹಿಡಿಯುವವರೆಗಿನ ಉರಿಬಿಸಿಲೇ ಅದಕ್ಕೆ ಮುಖ್ಯ ಕಾಲ. ಈ ಬಯಲಿನ ಬಾಣಂತನಕ್ಕೆ ಇರುವ ರಕ್ಷಣೆಗಳು ಎರಡೇ. ಮೊದಲನೆಯದು ಮೊಟ್ಟೆಯ ಬಣ್ಣ: ಮರಾಠಿಯವರು ಮುರೂಮ್ ಎನ್ನುವ ಆ ಗರಸಿನ ನಡುವೆ ಮೊಟ್ಟೆಯನ್ನು ಹರಳಿನಿಂದ ಬೇರ್ಪಡಿಸಿ ನೋಡುವುದು ಪಳಗಿದ ಕಣ್ಣಿಗೂ ಕಷ್ಟ. ಎರಡನೆಯದು ತಾಯಿಹಕ್ಕಿಯ ದೃಷ್ಟಿ: ಶತ್ರು ಇನ್ನೂ ದೂರವಿರುವಾಗಲೇ ಅದು ಕಾವಿನಿಂದೆದ್ದು, ಸದ್ದಿಲ್ಲದೆ ನಡೆದುಹೋಗಿ, ಬೇರೆಲ್ಲೋ ನಿಂತು ಕೂಗಿ ಗಮನ ಸೆಳೆಯುತ್ತದೆ. ಬಂದವನಿಗೆ ಹಕ್ಕಿ ಕಾಣುತ್ತದೆಯೇ ಹೊರತು ಅದು ಎದ್ದ ಜಾಗ ತಿಳಿಯುವುದಿಲ್ಲ. ಈ ಉಪಾಯ ಫಲಿಸಬೇಕಾದರೆ ಕುಳಿತಲ್ಲಿಂದ ನಾಲ್ಕೂ ದಿಕ್ಕು ಕಾಣಬೇಕು. ನೀವು ಹೆಮ್ಮೆಯಿಂದ ಬರೆದಿರುವ ಸೊಂಪಾದ ಹುಲ್ಲು ಮೊದಲು ಈ ದೃಷ್ಟಿಯನ್ನೇ ಕಟ್ಟಿಹಾಕಿತು. ದನಕುರಿ ಮೇಯುತ್ತಿದ್ದಾಗ ಮೇ ತಿಂಗಳ ಹೊತ್ತಿಗೆ ಅಲ್ಲಿ ನೆಲ ಬೋಳಾಗಿರುತ್ತಿತ್ತು. ಆ ಬೋಳು ನೆಲವೇ ಹಕ್ಕಿಗೆ ಬೇಕಾಗಿದ್ದದ್ದು.

ಇನ್ನು ಮರಗಳ ವಿಚಾರ. ಬಯಲಿನಲ್ಲಿ ಒಂದು ಮರ ಎದ್ದು ನಿಂತರೆ ಅದು ಕಾಗೆಗೂ ಗಿಡುಗಕ್ಕೂ ಕಾವಲುಗೋಪುರವಾಗುತ್ತದೆ. ಹಾರುತ್ತ ಹುಡುಕಬೇಕಾಗಿದ್ದ ಕಾಗೆ ಈಗ ನೆರಳಿನಲ್ಲಿ ಕುಳಿತು, ಯಾವ ಹಕ್ಕಿ ಎಲ್ಲಿ ಮತ್ತೆ ಮತ್ತೆ ಇಳಿಯುತ್ತದೆ ಎಂದು ಗಮನಿಸಿಕೊಂಡಿರಬಹುದು. ಬೇಲಿಯ ಕಂಬಗಳೂ ಇದೇ ಕೆಲಸಕ್ಕೆ ಒದಗುತ್ತವೆ. ಮರದ ಬುಡದ ಪೊದೆ ಮುಂಗುಸಿಗೆ, ಹಾವಿಗೆ ಮರೆಯಾಗುತ್ತದೆ. ಗಿಡಗಳಿಗೆಂದು ನೀವು ನೀರಿನ ಡ್ರಮ್ಮು ಇಟ್ಟಿದ್ದರೆ ಅದನ್ನು ನಾಯಿಗಳೂ ಕಂಡುಕೊಂಡಿರುತ್ತವೆ. ಅಮೆರಿಕದ ಮಿನ್ನೆಸೋಟದ ಎತ್ತರದ ಹುಲ್ಲಿನ ಪ್ರೇರಿಯಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ: ಮರಗಿಡಗಳ ಅಂಚಿನಿಂದ 45 ಮೀಟರಿನೊಳಗೆ ಇದ್ದ ಗೂಡುಗಳು ಅದರಾಚೆ ಇದ್ದವುಗಳಿಗಿಂತ ಹೆಚ್ಚಾಗಿ ಬೇಟೆಗಾರರ ಪಾಲಾಗಿದ್ದವು, ಮತ್ತು ಸಣ್ಣ ತುಂಡು ಹುಲ್ಲುಗಾವಲುಗಳಲ್ಲಿ ಈ ನಷ್ಟ ದೊಡ್ಡವುಗಳಿಗಿಂತ ಹೆಚ್ಚಾಗಿತ್ತು. ಅಲ್ಲಿಯ ಹಕ್ಕಿಗಳು ಬೇರೆ, ಬೇಟೆಗಾರರೂ ಬೇರೆ. ಆ 45 ಮೀಟರನ್ನು ಇಲ್ಲಿಗೆ ಹಾಗೆಯೇ ತಂದು ಅಳೆಯಲಾಗದು. ಆದರೆ ಲೆಕ್ಕದ ಸ್ವರೂಪ ಎಲ್ಲಿಯಾದರೂ ಒಂದೇ.

ನೀವು ಬ್ಯಾಂಕಿನವರು, ಲೆಕ್ಕವನ್ನೇ ಮುಂದಿಡುತ್ತೇನೆ. ಅಂಚಿನಿಂದ 50 ಮೀಟರು ಅಪಾಯದ ಪಟ್ಟಿ ಎಂದು ಹಿಡಿಯಿರಿ. ಒಂದು ಕಿಲೋಮೀಟರ್ ಉದ್ದಗಲದ, ಅಂದರೆ 100 ಹೆಕ್ಟೇರಿನ ಚೌಕ ಮಾಳದಲ್ಲಿ ಈ ಪಟ್ಟಿಯನ್ನು ಕಳೆದರೆ ನಡುವೆ 81 ಹೆಕ್ಟೇರು ಉಳಿಯುತ್ತದೆ. 200 ಮೀಟರ್ ಉದ್ದಗಲದ ನಾಲ್ಕು ಹೆಕ್ಟೇರಿನಲ್ಲಿ ಉಳಿಯುವುದು ಒಂದು ಹೆಕ್ಟೇರು ಮಾತ್ರ. ನಿಮ್ಮ ಎರಡು ಎಕರೆ ಚೌಕವಾಗಿದ್ದರೆ ಸುಮಾರು 90 ಮೀಟರ್ ಉದ್ದ, ಅಷ್ಟೇ ಅಗಲ. ನಾಲ್ಕೂ ಕಡೆ ಮರ ನೆಟ್ಟಮೇಲೆ ಅಲ್ಲಿ ಉಳಿಯುವುದು ಸೊನ್ನೆ. ನಡುವಿನ ಹುಲ್ಲನ್ನು ನೀವು ಮುಟ್ಟದಿದ್ದರೂ ಜಮೀನೆಲ್ಲ ಅಂಚೇ ಆಗಿಹೋಯಿತು.

ಹಾಗಾದರೆ ಮೊದಲು ಅಷ್ಟು ಚಿಕ್ಕ ಜಾಗದಲ್ಲಿ ಜೋಡಿಗಳು ಇದ್ದದ್ದು ಹೇಗೆ ಎಂದು ನೀವು ಕೇಳಬಹುದು. ಹಕ್ಕಿಗೆ ನಿಮ್ಮ ಸರ್ವೆ ನಂಬರು ಗೊತ್ತಿಲ್ಲ. ಅದು ನೋಡಿದ್ದು ದಿಗಂತದವರೆಗೆ ಹರಡಿದ್ದ ಒಂದೇ ಮಾಳವನ್ನು; ನಿಮ್ಮ ಎರಡು ಎಕರೆ ಅದರಲ್ಲಿ ಒಂದು ಚೂರಾಗಿತ್ತು. ಈ ಏಳು ವರ್ಷಗಳಲ್ಲಿ ಅಕ್ಕಪಕ್ಕದ ಜಮೀನುಗಳೂ ಎನ್‌ಎ (ಕೃಷಿಯೇತರ) ಪ್ಲಾಟುಗಳಾಗಿ, ಸೀತಾಫಲ ಮತ್ತು ಅಂಜೂರದ ತೋಟಗಳಾಗಿ, ಕಾಂಪೌಂಡು ಗೋಡೆಗಳಾಗಿ ಮಾರ್ಪಟ್ಟಿರಲೂಬಹುದು. ಆಗ ತಪ್ಪೆಲ್ಲ ನಿಮ್ಮ ಹೊಂಗೆಯ ಮೇಲೆ ಹಾಕುವುದು ನ್ಯಾಯವಲ್ಲ. ನೆಲದ ಹಕ್ಕಿ ಕಾಲಡಿಯ ಹುಲ್ಲನ್ನು ನೋಡುವಂತೆಯೇ ಸುತ್ತಲಿನ ಅರ್ಧ ಮೈಲಿಯನ್ನೂ ನೋಡಿ ತೀರ್ಮಾನಿಸುತ್ತದೆ. ಎರಡರಲ್ಲಿ ಒಂದು ಕೆಟ್ಟರೂ ಅದು ಬೇರೆ ಕಡೆ ಹೋಗುತ್ತದೆ, ಹೋಗಲು ಜಾಗವಿದ್ದರೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನೂ ಹೇಳಬೇಕು. ಈ ಮಾಳಗಳು ಕಾಡು ಹಾಳಾಗಿ ಉಳಿದ ಬೋಳುಗಳಲ್ಲ. ಮಹಾಬಳೇಶ್ವರದಲ್ಲಿ 5000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ, ಸಹ್ಯಾದ್ರಿಯ ನೆರಳಿನ ಪುಣೆಗೆ ಬರುವಷ್ಟರಲ್ಲಿ 700ಕ್ಕೂ, ಇಂದಾಪುರ, ಬಾರಾಮತಿಗಳ ಕಡೆ ಸುಮಾರು 500ಕ್ಕೂ ಇಳಿಯುತ್ತದೆ. ತೆಳು ಮಣ್ಣು, ಎಂಟು ತಿಂಗಳ ಒಣಹವೆ, ಮೇಯುವ ಪ್ರಾಣಿಗಳು ಮತ್ತು ಆಗಾಗ ಬೀಳುವ ಬೆಂಕಿ, ಇವೆಲ್ಲ ಸೇರಿ ಇಲ್ಲಿ ಹುಲ್ಲನ್ನೇ ರಾಜನನ್ನಾಗಿಸಿವೆ. ಬೊಂಬಾಯಿ ಸೇನೆಯ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್ 1832ರಲ್ಲಿ ದಖ್ಖನದ ಹಕ್ಕಿಗಳ ಪಟ್ಟಿಯನ್ನು ಪ್ರಕಟಿಸಿದಾಗ ವಿಜ್ಞಾನಕ್ಕೆ ಹೊಸದಾಗಿ ಪರಿಚಯಿಸಿದವುಗಳಲ್ಲಿ ಜುಟ್ಟಿರುವ ಒಂದು ಪುಟ್ಟ ಚಂಡೋಲವೂ (ಇಂಗ್ಲಿಷಿನ ಲಾರ್ಕ್) ಇತ್ತು; ಈಗ ಅದು ಅವನ ಹೆಸರನ್ನೇ ಹೊತ್ತಿದೆ. ಕಲ್ಲುಬಯಲಿನಲ್ಲಿ ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿ ಅದು. ಆದರೆ ಸರ್ಕಾರಿ ದಾಖಲೆಗಳಲ್ಲಿ ಇಂತಹ ನೆಲ ಬಹುಕಾಲದಿಂದ ಪಾಳುಭೂಮಿಯ ಲೆಕ್ಕದಲ್ಲೇ ಇದೆ. 2022ರಲ್ಲಿ ಪರಿಸರ ಸಂಶೋಧಕರಾದ ಎಂ. ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಅವರು ಪ್ರಕಟಿಸಿದ ನಕ್ಷೆಯ ಪ್ರಕಾರ ಅರೆಶುಷ್ಕ ಪ್ರದೇಶದ ಸಹಜ ಬಯಲುಗಳು ದೇಶದ ನೆಲದ ಸುಮಾರು ಶೇಕಡಾ 10ರಷ್ಟಿವೆ. ಅವುಗಳಲ್ಲಿ ರಕ್ಷಿತ ಪ್ರದೇಶಗಳ ಒಳಗಿರುವುದು ಶೇಕಡಾ 5ಕ್ಕೂ ಕಡಿಮೆ. ಪಾಳು ಎಂದು ಕರೆದ ಮೇಲೆ ಅದನ್ನು ಉದ್ಧರಿಸಲು ಹೊರಡುವುದು ಸಹಜವೇ. ನಿಮ್ಮ ಊರಿನ ಕಡೆಯ ರಾಣೆಬೆನ್ನೂರನ್ನೇ ನೋಡಿ: 1974ರಲ್ಲಿ ಕೃಷ್ಣಮೃಗಕ್ಕಾಗಿ ಘೋಷಿಸಿದ 119 ಚದರ ಕಿಲೋಮೀಟರಿನ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪು ಎಷ್ಟೆಂದರೆ, ಒಂದು ಕಾಲದಲ್ಲಿ ಅಲ್ಲಿ ಓಡಾಡುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಬೇಕಾದ ಬಯಲು ಉಳಿಯಲಿಲ್ಲ.

ನಿಮ್ಮನ್ನು ದೂರುವ ಹಕ್ಕು ನನಗಿಲ್ಲ. ಪುಣೆಯವರು ಟೇಕಡಿ ಎನ್ನುವ ಗುಡ್ಡಗಳ ಮೇಲೆ ಭಾನುವಾರ ಬೆಳಿಗ್ಗೆ ಕೊಡ ಹೊತ್ತು ಗಿಡ ನೆಟ್ಟವರಲ್ಲಿ ನಾನೂ ಒಬ್ಬ, ಅದೂ ಗ್ಲಿರಿಸಿಡಿಯವನ್ನೇ. ಅದು ಬಹುಬೇಗ ಬೆಳೆದದ್ದನ್ನು ನೋಡಿ ಸಂತೋಷಪಟ್ಟವನು. ಅದರ ಬುಡದಲ್ಲಿ ಹುಲ್ಲು ನಿಂತುಹೋದದ್ದನ್ನು ಗಮನಿಸಲು ನನಗೆ ಹತ್ತು ವರ್ಷ ಬೇಕಾಯಿತು.

ಈಗ ಮಾಡಬಹುದಾದದ್ದು ಇಷ್ಟು. ಗ್ಲಿರಿಸಿಡಿಯವನ್ನು, ಅನುಮತಿಯ ನಿಯಮ ವಿಚಾರಿಸಿಕೊಂಡು, ತೆಗೆಸಿ. ಬೇವು, ಹೊಂಗೆಗಳನ್ನು ಮನೆ ಕಟ್ಟುವ ಮೂಲೆಯಲ್ಲಿ ಮಾತ್ರ ಉಳಿಸಿಕೊಳ್ಳಿ. ಬಯಲಿಗೆ ತೆರೆದುಕೊಂಡಿರುವ ಪಕ್ಕದ ಬೇಲಿಯನ್ನು ತೆಗೆದು, ಕಾರ್ತಿಕದ ನಂತರ ಹಳ್ಳಿಯ ಕುರಿಗಳಿಗೆ ಮೇಯಲು ಬಿಡಿ. ಟಿಟ್ಟಿಭ ಮರಳುತ್ತದೆಂದು ಮಾತು ಕೊಡಲಾರೆ. ನೆರೆಯವರ ಜಮೀನು ಇನ್ನೂ ಬಯಲಾಗಿದ್ದರೆ ಆಸೆಯಿದೆ.

ಪ್ರಶ್ನೆ: ನಾನು ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿ ಉದ್ಯೋಗಿ. ವಾರಾಂತ್ಯಗಳಲ್ಲಿ ಕಡಬನವಾಡಿ, ಸುಪೆ, ಸಾಸವಡದ ಕಡೆ ಹಕ್ಕಿ ಛಾಯಾಗ್ರಹಣಕ್ಕೆ ಹೋಗುತ್ತೇನೆ. ಯಾವ ಹಕ್ಕಿ ಯಾವ ಬಗೆಯ ಹುಲ್ಲಿನಲ್ಲಿ ಗೂಡು ಮಾಡುತ್ತದೆ, ಗೂಡಿಗೆ ಎಷ್ಟು ಹತ್ತಿರ ಹೋಗಬಹುದು ಎಂದು ತಿಳಿಸುವಿರಾ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಗೂಡಿಗೆ ಹೋಗಲೇಬೇಡಿ. ಟಿಟ್ಟಿಭ ನಿಮ್ಮ ತಲೆಯ ಮೇಲೆ ಸುತ್ತುತ್ತ ಕೂಗುತ್ತಿದ್ದರೆ ನೀವು ಈಗಾಗಲೇ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ಏಪ್ರಿಲ್ ಮಧ್ಯಾಹ್ನ ಹಕ್ಕಿ ಕಾವು ಕುಳಿತಿರುವುದು ಮೊಟ್ಟೆಗೆ ಶಾಖ ಕೊಡಲು ಅಲ್ಲ, ನೆರಳು ಕೊಡಲು. ಟಿಟ್ಟಿಭಗಳು ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವುದೂ ಉಂಟು. ನಿಮ್ಮ ಒಂದು ಒಳ್ಳೆಯ ಫ್ರೇಮಿಗಾಗಿ ಅದು ಹತ್ತು ನಿಮಿಷ ಎದ್ದು ನಿಂತರೆ, ಸುಡುವ ಗರಸಿನ ಮೇಲೆ ಮೊಟ್ಟೆಯೊಳಗಿನ ಜೀವ ಹೋಗಬಹುದು. ಇರುವ ದಾರಿಯಲ್ಲೇ ವಾಹನ ನಿಲ್ಲಿಸಿ, ಒಳಗೆ ಕುಳಿತೇ ಚಿತ್ರ ತೆಗೆಯಿರಿ. ಹಕ್ಕಿಗಳು ನಡೆಯುವ ಮನುಷ್ಯನಿಗೆ ಹೆದರುವಷ್ಟು ನಿಂತ ವಾಹನಕ್ಕೆ ಹೆದರುವುದಿಲ್ಲ. ಹುಲ್ಲಿನ ಮೇಲೆ ಹೊಸ ಚಕ್ರದ ಜಾಡು ಮಾಡಿದರೆ ಮುಂದಿನ ವಾರ ಇಪ್ಪತ್ತು ಗಾಡಿಗಳು ಅದರಲ್ಲೇ ಬರುತ್ತವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೂಡಿನ ಲೊಕೇಶನ್ ಹಾಕುವುದಂತೂ ಬೇಡವೇ ಬೇಡ. ಕಡಬನವಾಡಿಯಲ್ಲಿ ಅರಣ್ಯ ಇಲಾಖೆ ನಡೆಸುವ ಹುಲ್ಲುಗಾವಲು ಸಫಾರಿಗೆ ಸ್ಥಳೀಯ ಮಾರ್ಗದರ್ಶಿಗಳಿದ್ದಾರೆ, ಅವರೊಡನೆ ಹೋಗಿ.

ಹುಲ್ಲಿನ ಎತ್ತರವನ್ನು ನಿಮ್ಮ ಕಾಲಿನಿಂದಲೇ ಅಳೆಯಬಹುದು. ಹುಲ್ಲೇ ಇಲ್ಲದ ಗರಸಿನಲ್ಲಿ ಟಿಟ್ಟಿಭ, ಮರಾಠಿಯಲ್ಲಿ ಧಾವಿಕ್ ಎನ್ನುವ ಕೋರ್ಸರ್, ಮತ್ತು ಸ್ಯಾಂಡ್‌ಗ್ರೌಸ್ ಎಂಬ ಮರಳುಗೌಜಲ ಮೊಟ್ಟೆ ಇಡುತ್ತವೆ. ಮರಳುಗೌಜಲದ ಗಂಡು ದೂರದ ಕೆರೆಯಿಂದ ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಕೊಂಡು ಬಂದು ಮರಿಗಳಿಗೆ ಕುಡಿಸುತ್ತದೆ. ಆದ್ದರಿಂದ ಅದಕ್ಕೆ ಬೋಳು ನೆಲ ಸಾಲದು, ಹಾರಿ ತಲುಪುವಷ್ಟು ದೂರದಲ್ಲಿ ದಡ ತೆರೆದಿರುವ ನೀರೂ ಬೇಕು. ಪಾದ ಮುಚ್ಚುವಷ್ಟು ಹುಲ್ಲಿದ್ದರೆ ಅದು ನೆಲಗುಬ್ಬಿ, ಚಂಡೋಲಗಳ ಜಾಗ. ಅವು ಒಂದು ಹುಲ್ಲಿನ ಗುಚ್ಛವನ್ನೋ ಮಣ್ಣುಹೆಂಟೆಯನ್ನೋ ಬೆನ್ನಿಗಿಟ್ಟುಕೊಂಡು ಬಟ್ಟಲಿನಂತಹ ಗೂಡು ಮಾಡಿ, ಅಂಚಿಗೆ ಹರಳುಗಳನ್ನು ಪೋಣಿಸಿದಂತೆ ಇಡುತ್ತವೆ. ಮೊಳಕಾಲೆತ್ತರದ ಹುಲ್ಲು ಲಾವಗೆಗೂ ಗೌಜಲಕ್ಕೂ ಹಿತ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಚಿಮ್ಮಿ ಚಿಮ್ಮಿ ಹೆಣ್ಣನ್ನು ಕರೆಯುವ ಲೆಸ್ಸರ್ ಫ್ಲೋರಿಕನ್ ಹಕ್ಕಿಗೂ ಇದೇ ಎತ್ತರ ಬೇಕು: ನಿಂತರೆ ಮರೆಯಾಗಬೇಕು, ಜಿಗಿದರೆ ದೂರಕ್ಕೆ ಕಾಣಬೇಕು. ಚಳಿಗಾಲದಲ್ಲಿ ನಿಮಗೆ ಕಾಣುವ ಹ್ಯಾರಿಯರ್ ಗಿಡುಗಗಳು ಇಲ್ಲಿ ಗೂಡು ಮಾಡುವವಲ್ಲ, ಎತ್ತರದ ಹುಲ್ಲಿನಲ್ಲಿ ರಾತ್ರಿ ತಂಗುವ ಅತಿಥಿಗಳು ಮಾತ್ರ.

ಸುಪೆಯ ಮಯೂರೇಶ್ವರ ಅಭಯಾರಣ್ಯದ ವಿಸ್ತೀರ್ಣ ಕೇವಲ 5.14 ಚದರ ಕಿಲೋಮೀಟರು. ಅಷ್ಟರಲ್ಲೇ ಈ ಎಲ್ಲ ಎತ್ತರಗಳೂ ಬೇಕೆಂದರೆ ಒಂದೇ ಸಮನಾದ ಹುಲ್ಲು ಬೆಳೆಸಿದರೆ ಆಗದು. ಚಿಂಕಾರ ಜಿಂಕೆ ಮೇದ ಜಾಗ, ಮೇಯದ ಜಾಗ, ಕಲ್ಲು, ಹಳ್ಳದ ಬದಿ, ಎಲ್ಲ ಕಲಸಿಕೊಂಡಿರಬೇಕು.

ಪ್ರಶ್ನೆ: ಬಾರಾಮತಿ ತಾಲ್ಲೂಕಿನಲ್ಲಿ ನಮ್ಮ ಹನ್ನೊಂದು ಎಕರೆ ಜಮೀನಿದೆ. ಅಜ್ಜನ ಕಾಲದಲ್ಲಿ ಬಿಜಾಪುರದ ಕಡೆಯಿಂದ ಬಂದ ಕುಟುಂಬ ನಮ್ಮದು. ಅರ್ಧದಲ್ಲಿ ಕಬ್ಬು, ಉಳಿದದ್ದರಲ್ಲಿ ಹಿಂಗಾರಿ ಜೋಳ. ಹೊಲದಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ರೈತ ಏನು ಮಾಡಬಹುದು?

ಉತ್ತರ: ನಿಮ್ಮ ಜೋಳದ ಹೊಲ ಹಕ್ಕಿಯ ಕಣ್ಣಿಗೆ ಹುಲ್ಲುಗಾವಲಿನ ದಾಯಾದಿಯಿದ್ದಂತೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಲಾದ ಮೇಲೆ ಉಳಿಯುವ ಕೂಳೆ, ಹೆಂಟೆ, ಬಿದ್ದ ಕಾಳು, ಮಿಡತೆ, ಇಷ್ಟು ಸಿಕ್ಕರೆ ನೆಲಗುಬ್ಬಿಗೆ ಇನ್ನೇನೂ ಬೇಡ. ಕಬ್ಬು ಹಾಗಲ್ಲ. 1980ರಲ್ಲಿ ಭೀಮೆಗೆ ಉಜನಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಆ ಸೀಮೆಯಲ್ಲಿ ಬಯಲು ಹಸಿರು ಗೋಡೆಯಾಗುತ್ತ ಬಂದಿತು. ಅಡಸಾಲಿ ಕಬ್ಬಾದರೆ ಒಂದೂವರೆ ವರ್ಷದವರೆಗೆ ನಿಲ್ಲುತ್ತದೆ. ಅಷ್ಟು ಕಾಲ ಆ ನೆಲ ಬಯಲಿನ ಹಕ್ಕಿಗೆ ಇಲ್ಲವಾದಂತೆಯೇ, ಪಕ್ಕದ ಜೋಳದ ಹೊಲದ ಒಂದು ದಿಕ್ಕೂ ಮುಚ್ಚಿಹೋದಂತೆ. ಉಜನಿಯ ಹಿನ್ನೀರಿನ ಭಿಗವಣಕ್ಕೆ ರಾಜಹಂಸ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಅದೇ ನೀರು ಕಬ್ಬಾಗಿ ಹರಿದಾಗ ಯಾರು ಎದ್ದು ಹೋದರೆಂದು ಕೇಳುವವರು ಕಡಿಮೆ. ಹಾಗೆಂದು ಕಬ್ಬು ಬಿಡಿ ಎಂದು ರೈತರಿಗೆ ಹೇಳುವ ಧೈರ್ಯ, ನಗರದಲ್ಲಿ ಕುಳಿತು ಸಕ್ಕರೆ ತಿನ್ನುವ ನನಗಿಲ್ಲ.

ನಿಮ್ಮ ಕೈಯಲ್ಲಿರುವುದು ಸಮಯ. ಬೂದುತಲೆಯ ನೆಲಗುಬ್ಬಿ ಎರಡು ಮೂರು ಮೊಟ್ಟೆಗಳನ್ನಿಟ್ಟು ಸುಮಾರು 13, 14 ದಿನ ಕಾವು ಕೂರುತ್ತದೆ, ಗಂಡು ಹೆಣ್ಣು ಎರಡೂ ಸರದಿಯಲ್ಲಿ; ಆಮೇಲೆ ಮರಿಗಳು ಗೂಡು ಬಿಡಲು ಇನ್ನು ಸುಮಾರು ಹತ್ತು ದಿನ. ಒಟ್ಟು ನಾಲ್ಕು ವಾರ ಎಂದಿಟ್ಟುಕೊಳ್ಳಿ. ಕೊಯ್ಲಾದ ಮರುದಿನವೇ ಟ್ರ್ಯಾಕ್ಟರ್ ಹೊಡೆಯದೆ, ಅಥವಾ ಒಂದು ಎಕರೆಯನ್ನಾದರೂ ಹಾಗೆ ಬಿಟ್ಟು, ಕೊನೆಯಲ್ಲಿ ಉತ್ತರೆ ಒಂದು ಸಂಸಾರ ಎದ್ದು ಹೋಗಿರುತ್ತದೆ. ಉಳುವಾಗ ಒಂದು ಹಕ್ಕಿ ಕಾಲಡಿಯಿಂದಲೇ ಎದ್ದರೆ ಅಲ್ಲಿ ನಾಲ್ಕು ಮಾರು ಬಿಟ್ಟು ಬಳಸಿ ಹೋಗಿ. ಗುರುತಿಗೆಂದು ಕೋಲು ನೆಟ್ಟು ಬಟ್ಟೆ ಕಟ್ಟಬೇಡಿ, ಅದನ್ನು ಕಾಗೆಯೂ ಓದಬಲ್ಲದು. ಬ್ರಿಟನ್ನಿನಲ್ಲಿ ದಟ್ಟ ಗೋಧಿ ಹೊಲಗಳಲ್ಲಿ ಸ್ಕೈಲಾರ್ಕ್ ಎಂಬ ಚಂಡೋಲಗಳಿಗೆ ಇಳಿಯಲು ಜಾಗವಿಲ್ಲವಾದಾಗ, ಹೆಕ್ಟೇರಿಗೆ ಎರಡರಂತೆ ಸುಮಾರು 16 ಚದರ ಮೀಟರಿನ ತುಣುಕುಗಳನ್ನು ಬಿತ್ತದೆ ಬಿಡುವ ಪದ್ಧತಿ ಬಂತು. ಅಂಚಿನಲ್ಲಲ್ಲ, ಹೊಲದ ನಡುವೆ ಬಿಡುತ್ತಾರೆ ಎಂಬುದನ್ನು ಗಮನಿಸಿ. ಮೊದಲ ಪತ್ರದವರಿಗೆ ಹೇಳಿದ ಅಂಚಿನ ಲೆಕ್ಕವೇ ಅದು. ನಮ್ಮ ಬದುಗಳ ಹುಲ್ಲು ಲಾವಗೆಗೆ ಒಳ್ಳೆಯದು, ಸುಡಬೇಡಿ. ಆದರೆ ಬದುವಿನುದ್ದಕ್ಕೂ ಮುಂಗುಸಿಯ ದಾರಿಯಿರುತ್ತದೆ, ಅಲ್ಲಿ ನೆಲಗುಬ್ಬಿ ಉಳಿಯುವುದು ಕಷ್ಟ. ದೊಡ್ಡವು ಕಾಳು ತಿಂದರೂ ಮರಿಗಳಿಗೆ ಹುಳುವೇ ಬೇಕಾದ್ದರಿಂದ, ಆ ನಾಲ್ಕು ವಾರಗಳಲ್ಲಿ ಪಕ್ಕದ ಹೊಲಕ್ಕೂ ಔಷಧಿ ಹೊಡೆಯದಿದ್ದರೆ ಉತ್ತಮ. ಸುತ್ತ ಕೋಳಿ ಸಾಕಣೆಯವರಿದ್ದರೆ ಸತ್ತ ಕೋಳಿಗಳನ್ನು ಬಯಲಿಗೆ ಎಸೆಯದಂತೆ ಹೇಳಿ. ಅದನ್ನು ತಿನ್ನಲು ಬಂದ ನಾಯಿಗಳು ಊಟ ಮುಗಿದ ಮೇಲೆ ಬಯಲೆಲ್ಲ ಮೂಸುತ್ತವೆ.

ಪ್ರಶ್ನೆ: ಕುರಿ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಹುಲ್ಲುಗಾವಲಿನ ಹಕ್ಕಿಗಳು ಉಳಿಯುವುದಿಲ್ಲವೇ? ಹಡಪಸರದ ಒಬ್ಬ ಉಪನ್ಯಾಸಕಿ.

ಉತ್ತರ: ಎಲ್ಲ ಕಡೆ, ಎಲ್ಲ ಕಾಲ ನಿಲ್ಲಿಸಿದರೆ ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ. ಮೇಯದ ಹುಲ್ಲು ಒಂದೆರಡು ವರ್ಷಗಳಲ್ಲಿ ಒಣಗಿ ಮಲಗಿ ಚಾಪೆಯಾಗುತ್ತದೆ. ಆಮೇಲೆ ಜಾಲಿ ತಲೆಯೆತ್ತುತ್ತದೆ. ಅತಿಯಾಗಿ ಮೇದರೆ ಲಾವಗೆಗೆ ಮರೆಯಿಲ್ಲ, ಮಿಡತೆಯಿಲ್ಲ. ನಮ್ಮ ಕುರುಬರ ನೆಂಟರಂತಿರುವ ಧನಗರರು, ನಾವು ಬೀರಪ್ಪನೆಂದು ಪೂಜಿಸುವ ದೇವರನ್ನೇ ಬಿರೋಬಾ ಎನ್ನುವವರು, ದೀಪಾವಳಿಯ ಬಳಿಕ ಹಿಂಡು ಹೊಡೆದುಕೊಂಡು ಕೊಂಕಣಕ್ಕೆ ಇಳಿದು ಮುಂಗಾರಿಗೆ ಮೇಲಕ್ಕೆ ಮರಳುತ್ತಾರೆ. ಇದರಲ್ಲಿ ಬೇಸಗೆಯ ಗೂಡುಗಳಿಗೆ ಬಿಡುವು ಸಿಗುತ್ತದೆ. ಆದರೆ ಮಳೆಗಾಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳ ಮೇಲೆ ಹಿಂಡು ಹಾಯುತ್ತದೆ. ಹಾಗಾಗಿ ಹಳ್ಳಿಯ ಗಾಯರಾನ, ಅಂದರೆ ನಮ್ಮ ಗೋಮಾಳ, ಅದರಲ್ಲಿ ಒಂದು ಭಾಗವನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಟ್ಟು, ಆಮೇಲೆ ಕೊಯ್ದೋ ಮೇಯಿಸಿಯೋ ಇಳಿಸಿ, ಮರುವರ್ಷ ಭಾಗ ಬದಲಿಸುವುದು ನನಗೆ ಸರಿಯೆನಿಸುತ್ತದೆ. ಬೆಂಕಿಯ ವಿಚಾರವೂ ಹಾಗೆಯೇ: ಜನವರಿಯಲ್ಲಿ ಸುಟ್ಟ ಪಟ್ಟಿಯಲ್ಲಿ ಏಪ್ರಿಲ್‌ನಲ್ಲಿ ಟಿಟ್ಟಿಭ ಮೊಟ್ಟೆ ಇಡಬಹುದು, ಏಪ್ರಿಲ್‌ನಲ್ಲೇ ಸುಟ್ಟರೆ ಮೊಟ್ಟೆಯೂ ಸುಡುತ್ತದೆ.

ಜನರನ್ನು ಬಿಟ್ಟು ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಸೊಲ್ಲಾಪುರದ ನಾನ್ನಜ್ ಉದಾಹರಣೆ. ಮರಾಠಿಯವರು ಮಾಳಢೋಕ್ ಎನ್ನುವ ಎರೆಭೂತ ಹಕ್ಕಿಗಾಗಿ 1979ರಲ್ಲಿ 8000 ಚದರ ಕಿಲೋಮೀಟರಿಗೂ ಮೀರಿದ ಅಭಯಾರಣ್ಯ ಘೋಷಿಸಿದಾಗ ಊರುಗಳು, ಹೊಲಗಳು, ಪೇಟೆಗಳೆಲ್ಲ ಅದರೊಳಗೆ ಬಂದವು. ಕೊನೆಗೆ ಅದನ್ನು ಸುಮಾರು 1222ಕ್ಕೆ ಇಳಿಸಬೇಕಾಯಿತು. ಕಾಗದದಲ್ಲಿ ವಿಸ್ತಾರ ಎಷ್ಟಿದ್ದರೂ ಹಕ್ಕಿ ಬಳಸುತ್ತಿದ್ದದ್ದು ನಡುವೆ ಚದುರಿದ ಹುಲ್ಲಿನ ತುಣುಕುಗಳನ್ನು ಮತ್ತು ಅವುಗಳ ಸುತ್ತಲಿನ ಜೋಳದ ಹೊಲಗಳನ್ನು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ, ದೇಶದಲ್ಲೆಲ್ಲ 150ಕ್ಕೂ ಕಡಿಮೆ ಉಳಿದಿರುವ ಆ ಹಕ್ಕಿಗೆ ತಪ್ಪು ತಿದ್ದಿಕೊಳ್ಳುವಷ್ಟು ಕಾಲಾವಕಾಶವಿರಲಿಲ್ಲ.

ಪ್ರಶ್ನೆ: ನಾನು ಉಡುಪಿಯವಳು, ಮಾಪುಸಾದ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಶಾಲೆಯ ಹಿಂದೆ ಮರವಿಲ್ಲದ ಕಲ್ಲುಬಯಲಿದೆ. ಪರಿಸರ ದಿನಕ್ಕೆ ಮಕ್ಕಳಿಂದ ಅಲ್ಲಿ ಗಿಡ ನೆಡಿಸೋಣವೆಂದಿದ್ದೇವೆ. ಗೋವಾದಲ್ಲಂತೂ ಮಳೆಗೆ ಕೊರತೆಯಿಲ್ಲ, ಅಲ್ಲಿ ಮರ ಬೆಳೆಯಬಹುದಲ್ಲವೇ?

ಉತ್ತರ: ನಿಮ್ಮೂರು ಉಡುಪಿಯಲ್ಲಿ ಅದಕ್ಕೆ ಪದವು ಎನ್ನುತ್ತಾರೆ, ಗೋವಾದಲ್ಲಿ ಸಡಾ. ಮಳೆ ಎಷ್ಟೇ ಬಿದ್ದರೂ ಆ ಮುರಕಲ್ಲಿನ ಹಾಸಿನ ಮೇಲೆ ಬೇರಿಗೆ ಹಿಡಿಯುವಷ್ಟು ಮಣ್ಣಿಲ್ಲ. ಜೂನ್‌ನಿಂದ ನೀರು ನಿಂತು ಪುಟ್ಟ ಹೂಗಳ ಹಾಸು, ಜನವರಿಯಿಂದ ಕಾದ ಕಪ್ಪು ಕಲ್ಲು. ಆ ಒಣ ತಿಂಗಳುಗಳಲ್ಲೇ ಹಳದಿ ಟಿಟ್ಟಿಭ ಮತ್ತು ನೆಲಗುಬ್ಬಿಗಳು ಅಲ್ಲಿ ಮೊಟ್ಟೆ ಇಡುತ್ತವೆ. ಪಶ್ಚಿಮ ಕರಾವಳಿಯ ಜುಟ್ಟಿನ ಮಲಬಾರ್ ಚಂಡೋಲಕ್ಕೂ ಅದು ಪ್ರಿಯವಾದ ನೆಲ. ಪುಣೆಯ ಮಾಳ ಹರಡಿದ ಚಾದರವಾದರೆ ನಿಮ್ಮ ಸಡಾಗಳು ಕಾಡು ಮತ್ತು ಗೇರುತೋಟಗಳ ನಡುವಿನ ದ್ವೀಪಗಳು, ಆದ್ದರಿಂದ ಒಂದು ಹೋದರೆ ಹಕ್ಕಿಗೆ ಪಕ್ಕದಲ್ಲಿ ಇನ್ನೊಂದು ಸಿಗುವುದಿಲ್ಲ. ಕಲ್ಲುಕ್ವಾರಿ, ಗೇರು, ಬಡಾವಣೆ ಮೂರೂ ಅವನ್ನು ಅಂಚಿನಿಂದ ತಿನ್ನುತ್ತಿವೆ. ಮೋಪಾದ ಸಡಾದ ಮೇಲೆ 2023ರಿಂದ ವಿಮಾನಗಳೇ ಇಳಿಯುತ್ತಿವೆ. ಗಿಡಗಳನ್ನು ಶಾಲೆಯ ಮುಂಭಾಗದಲ್ಲಿ, ಮಣ್ಣಿರುವ ಕಡೆ ನೆಡಿಸಿ. ಹಿಂದಿನ ಬಯಲಿಗೆ ಮಕ್ಕಳನ್ನು ಆಗಸ್ಟ್‌ನಲ್ಲಿ ಹೂ ನೋಡಲು ಕರೆದೊಯ್ಯಿರಿ. ಏಪ್ರಿಲ್‌ನಲ್ಲಿ ಗೋಡೆಯ ಈಚೆಯಿಂದ ದುರ್ಬೀನಿನಲ್ಲಿ ತೋರಿಸಿದರೆ ಸಾಕು.

ಪ್ರಶ್ನೆ: ಡೊಂಬಿವಿಲಿಯ ನಮ್ಮ ಸೊಸೈಟಿಯ ಆರನೆಯ ಮಹಡಿಯ ತಾರಸಿಯಲ್ಲಿ ಕೆಂಪು ಟಿಟ್ಟಿಭ ಮೊಟ್ಟೆ ಇಟ್ಟಿದೆ. ಏಕೆ? ಅದು ಎತ್ತರದಲ್ಲಿ ಮೊಟ್ಟೆ ಇಟ್ಟರೆ ಮಳೆ ಹೆಚ್ಚೆಂದು ನಮ್ಮ ಅತ್ತೆ ಹೇಳುತ್ತಾರೆ, ನಿಜವೇ?

ಉತ್ತರ: ಜಲ್ಲಿ ಹರಡಿದ, ಹುಲ್ಲಿಲ್ಲದ, ನಾಲ್ಕೂ ಕಡೆ ತೆರೆದ, ನಾಯಿ ಬಾರದ ಜಾಗ. ನೆಲದ ಮೇಲೆ ಬಯಲು ಸಿಗದಾಗ ತಾರಸಿಯೇ ಅದಕ್ಕೆ ಮಾಳದಂತೆ ಕಂಡಿದೆ. ರೈಲುಹಳಿಗಳ ನಡುವಿನ ಜಲ್ಲಿಯಲ್ಲೂ ಅದು ಮೊಟ್ಟೆ ಇಟ್ಟದ್ದುಂಟು. ಕಾವು ಮುಗಿಯಲು ಸುಮಾರು ನಾಲ್ಕು ವಾರ. ಅಲ್ಲಿಯವರೆಗೆ ತಾರಸಿಗೆ ಬೀಗ ಹಾಕಿ, ಒಂದು ಅಗಲ ತಟ್ಟೆಯಲ್ಲಿ ನೀರಿಡಿ. ತೊಂದರೆ ಬರುವುದು ಮರಿಯಾದ ಮೇಲೆ. ಹುಟ್ಟಿದ ದಿನವೇ ನಡೆದು ತಾವೇ ಹುಳು ಹೆಕ್ಕುವ ಮರಿಗಳಿಗೆ ಅಲ್ಲಿ ಹುಳುವಿಲ್ಲ, ಇಳಿಯಲು ದಾರಿಯೂ ಇಲ್ಲ. ಆಗ ಅರಣ್ಯ ಇಲಾಖೆಗೆ ತಿಳಿಸಿ, ಅನುಭವಿಗಳ ಕೈಯಿಂದ, ತಾಯಿಹಕ್ಕಿ ನೋಡುತ್ತಿರುವಂತೆಯೇ ಮರಿಗಳನ್ನು ತೆರೆದ ಪೆಟ್ಟಿಗೆಯಲ್ಲಿ ಇಳಿಸಿ ಹತ್ತಿರದ ಬಯಲಿಗೆ ಬಿಡಿಸಬೇಕು. ಕೂಗು ಕೇಳಿ ಅದು ಹಿಂಬಾಲಿಸುತ್ತದೆ.

ಇನ್ನು ಅತ್ತೆಯವರ ಮಾತು. ಹಳ್ಳಿಯಲ್ಲಿ ತಗ್ಗಿನ ಹೊಲ ಬಿಟ್ಟು ದಿಬ್ಬದ ಮೇಲೆ ಮೊಟ್ಟೆ ಇಟ್ಟದ್ದನ್ನು ನೋಡಿ ಹುಟ್ಟಿದ ನಂಬಿಕೆ ಅದು. ಅದೇ ಲೆಕ್ಕವನ್ನು ಆರು ಮಹಡಿಗೆ ಹಚ್ಚಿದರೆ ಡೊಂಬಿವಿಲಿ ಮುಳುಗಬೇಕಾದೀತು; ಆದರೂ ಮಳೆ ಜೋರಾಗುವ ಮೊದಲು ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಕಸ ಕಟ್ಟಿಕೊಂಡಿದೆಯೇ ಎಂದು ನೋಡಿಸಿ, ನೀರು ನಿಂತರೆ ಮೊಟ್ಟೆ ತೇಲುತ್ತದೆ.